ಐದರಿಂದ ನಾಲ್ಕಕ್ಕೆ ಹೊರಟು ಎರಡಕ್ಕೆ ಬಿದ್ದ ಗೇರ್

ಮ್ಯಾನ್ಯುಯಲ್ ಕಾರು ಓಡಿಸುವವರಲ್ಲಿ ಎರಡು ನಂಬಿಕೆಗಳು ಗಟ್ಟಿಯಾಗಿ ಕೂತಿವೆ. ತಪ್ಪು ಗೇರ್ ಬಿದ್ದರೂ ರೆವ್ ಲಿಮಿಟರ್ ಎಂಜಿನ್ ಕಾಪಾಡುತ್ತದೆ ಅನ್ನುವುದು ಒಂದು. ಕ್ಲಚ್ ತುಳಿದಿರುವಷ್ಟು ಹೊತ್ತು ಲಿವರ್ ಎಲ್ಲಿಗೆ ಹೋದರೂ ನಷ್ಟವಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ಪೂರಾ ಸುಳ್ಳು. ಎರಡನೆಯದು ಮುಕ್ಕಾಲುಪಾಲು ನಿಜ, ಉಳಿದ ಕಾಲುಪಾಲಿಗೆ ಕ್ಲಚ್ ಪ್ಲೇಟೇ ಬಲಿಯಾಗಬಹುದು.

ಲಿಮಿಟರ್ ವಿಷಯ ಮೊದಲು. ಅದು ಮಾಡುವುದು ಇಷ್ಟೇ: ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಮಿತಿ ಮುಟ್ಟಿದಾಗ ಇಂಧನವನ್ನೋ ಸ್ಪಾರ್ಕನ್ನೋ ಕಡಿದು ಎಂಜಿನ್ ತಾನಾಗಿ ಇನ್ನೂ ಜೋರಾಗಿ ತಿರುಗದಂತೆ ತಡೆಯುತ್ತದೆ. ನ್ಯೂಟ್ರಲ್‌ನಲ್ಲಿ ಆಕ್ಸಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಉಳಿಯುವುದು ಇದರಿಂದಲೇ. ಓಡುತ್ತಿರುವ ಕಾರಿನಲ್ಲಿ ಕೆಳಗಿನ ಗೇರ್ ಹಾಕಿ ಕ್ಲಚ್ ಬಿಟ್ಟರೆ ಕಥೆ ಬೇರೆ. ಆಗ ಎಂಜಿನ್ ಚಕ್ರಗಳನ್ನು ತಿರುಗಿಸುವುದಿಲ್ಲ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಒಂದು ಟನ್ ತೂಕದ ವೇಗವನ್ನು ಯಾವ ಇಂಧನ ಕಡಿತವೂ ನಿಲ್ಲಿಸಲಾರದು.

ಲೆಕ್ಕ ಹಾಕಿದರೆ ಇದು ಕಣ್ಣಿಗೆ ಕಾಣುತ್ತದೆ. ಸಾಧಾರಣ ಐದು ಗೇರಿನ ಪೆಟ್ರೋಲ್ ಕಾರು ಅಂದುಕೊಳ್ಳಿ. ಗೇರ್ ರೇಶಿಯೋಗಳು, ಅಂದರೆ ಗೇರ್‌ಬಾಕ್ಸಿನಿಂದ ಹೊರಡುವ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತುಗಳು, ಒಂದರಿಂದ ಐದರವರೆಗೆ 3.5, 1.9, 1.3, 0.95, 0.75. ಅಲ್ಲಿಂದ ಚಕ್ರಕ್ಕೆ ಹೋಗುವ ಕೊನೆಯ ಅನುಪಾತ, ಅಂದರೆ ಫೈನಲ್ ಡ್ರೈವ್, 4.1. ಟಯರ್ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಸಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಐದನೇ ಗೇರಿನಲ್ಲಿ ಎಂಜಿನ್ ಸುಮಾರು 2,700 ಆರ್‌ಪಿಎಂನಲ್ಲಿರುತ್ತದೆ. ನಾಲ್ಕರಲ್ಲಿ 3,400, ಮೂರರಲ್ಲಿ 4,700. ಎರಡರಲ್ಲಿ 6,800, ಅಂದರೆ ಅನೇಕ ಪೆಟ್ರೋಲ್ ಎಂಜಿನ್‌ಗಳ ರೆಡ್‌ಲೈನ್ (ದಾಟಬಾರದ ಆರ್‌ಪಿಎಂ ಮಿತಿ) ಅಲ್ಲೇ ಎಲ್ಲೋ ಇರುತ್ತದೆ. 5,000ದ ಆಸುಪಾಸಿನಲ್ಲೇ ಕೆಂಪು ಗೆರೆ ಮುಗಿಯುವ ಡೀಸೆಲ್ ಎಂಜಿನ್ನಿಗೆ ಇದು ಆಗಲೇ ಮಿತಿ ಮೀರಿದ ಮಾತು. ಒಂದನೇ ಗೇರಿಗೆ ಲೆಕ್ಕ 12,500 ದಾಟುತ್ತದೆ. ವೇಗ 120 ಇದ್ದರೆ ಎರಡನೇ ಗೇರೇ 8,200 ಕೇಳುತ್ತದೆ.

ಇದಕ್ಕಿಂತ ಹೆಚ್ಚು ಎಂಜಿನ್‌ಗಳನ್ನು ತಿನ್ನುವ ತಪ್ಪು ಇನ್ನೊಂದಿದೆ: ಮೂರರಲ್ಲಿ ಚೆನ್ನಾಗಿ ಎಳೆದು ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕುವುದು. ಮೂರರಲ್ಲಿ 6,000 ಇದ್ದ ಎಂಜಿನ್ ಎರಡರಲ್ಲಿ ಸುಮಾರು 8,800ಕ್ಕೆ ಹಾರಬೇಕಾಗುತ್ತದೆ. ಇದಕ್ಕೆ ಹೋಲಿಸಿದರೆ ನಾಲ್ಕರಿಂದ ಐದಕ್ಕೆ ಹೊರಟು ಮೂರಕ್ಕೆ ಬೀಳುವುದು ಮಾಮೂಲಿ ಓಡಾಟದಲ್ಲಿ ಒಂದು ಜರ್ಕಿನಲ್ಲಿ ಮುಗಿಯುತ್ತದೆ. 3,000 ಇದ್ದದ್ದು 4,100 ಆಗುತ್ತದೆ, ಅಷ್ಟೇ.

ಮಿತಿ ಮೀರಿದಾಗ ಒಳಗೆ ಏನಾಗುತ್ತದೆ? ವಾಲ್ವ್ ಮುಚ್ಚುವುದು ಸ್ಪ್ರಿಂಗಿನ ಬಲದಿಂದ. ಒಂದು ವೇಗದ ಆಚೆ ಸ್ಪ್ರಿಂಗಿಗೆ ವಾಲ್ವ್ ತೆರೆಯುವ ಕ್ಯಾಮ್ ಜೊತೆ ಹೆಜ್ಜೆ ಹಾಕಲಾಗುವುದಿಲ್ಲ. ವಾಲ್ವ್ ಇನ್ನೂ ತೆರೆದಿರುವಾಗಲೇ ಪಿಸ್ಟನ್ ಮೇಲೆ ಬರುತ್ತದೆ, ಎರಡೂ ಡಿಕ್ಕಿ ಹೊಡೆದು ವಾಲ್ವ್ ಬಾಗುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಮೊದಲು ಸೋಲುವುದು ಇದೇ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕಷ್ಟ ಬೇರೆ ಥರದ್ದು. ಪಿಸ್ಟನ್ನಿನ ತೂಕ ರಾಡನ್ನು ಎಳೆಯುವ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 6,000ದಿಂದ 8,200ಕ್ಕೆ ಹೋದರೆ ಆರ್‌ಪಿಎಂ ಏರಿದ್ದು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಎಳೆತ ಏರಿದ್ದು ಹತ್ತಿರ ಹತ್ತಿರ ಎರಡು ಪಟ್ಟು. ರಾಡ್ ಬೋಲ್ಟ್ ಒಂದಿಷ್ಟು ಹಿಗ್ಗಿದರೂ ಅಂದು ಮುರಿಯದೆ ಇರಬಹುದು. ಆದರೆ ಬೇರಿಂಗ್ ಮೇಲಿನ ಅದರ ಹಿಡಿತ ಸಡಿಲವಾಗಿರುತ್ತದೆ. ಹಾಗಾಗಿ ಗಾಡಿ ಚೆನ್ನಾಗೇ ಮನೆ ಸೇರಿತು ಅನ್ನುವುದು ಪೂರ್ತಿ ನೆಮ್ಮದಿಯ ಮಾತಲ್ಲ.

ಈಗ ಕ್ಲಚ್ ನಂಬಿಕೆ. ಕ್ಲಚ್ ತುಳಿದಾಗ ಎಂಜಿನ್ ಬೇರ್ಪಡುತ್ತದೆ, ನಿಜ. ಕ್ಲಚ್ ಪ್ಲೇಟ್ ಮಾತ್ರ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೇ ಅಂಟಿಕೊಂಡಿರುತ್ತದೆ, ಗೇರ್ ಬಿದ್ದರೆ ಚಕ್ರಗಳೇ ಆ ಶಾಫ್ಟನ್ನು ತಿರುಗಿಸುತ್ತವೆ. 100ರ ವೇಗದಲ್ಲಿ ಲಿವರನ್ನು ಒತ್ತಿ ಒಂದಕ್ಕೆ ತಳ್ಳಿದರೆ ಎಂಜಿನ್ ಆರಾಮಾಗಿ 800ರಲ್ಲಿ ಗುನುಗುತ್ತಿರುತ್ತದೆ, ಪ್ಲೇಟ್ 12,500ರಲ್ಲಿ ತಿರುಗುತ್ತದೆ. ಆ ವೇಗಕ್ಕೆ ಅದರ ಲೈನಿಂಗ್ ಕಿತ್ತು ಚೂರಾಗಬಹುದು. ಕ್ಲಚ್ ಬಿಡದೆಯೇ ಕ್ಲಚ್ ಹೋಯಿತು ಅಂದರೆ ಜನ ನಂಬುವುದಿಲ್ಲ, ಕಾರಣ ಇದು.

ಅದೃಷ್ಟಕ್ಕೆ ಸಿಂಕ್ರೋ ರಿಂಗ್ ಅಡ್ಡ ನಿಲ್ಲುತ್ತದೆ. ವೇಗಗಳು ಹೊಂದುವವರೆಗೆ ಅದು ಗೇರನ್ನು ಒಳಗೆ ಬಿಡುವುದಿಲ್ಲ, ಲಿವರ್ ಬಿಗಿಯಾಗಿ ಎದುರು ಒತ್ತುತ್ತದೆ. ಬಿಸಿಯಾದ ಗೇರ್‌ಬಾಕ್ಸಿನಲ್ಲಿ ಸಲೀಸಾಗಿ ಬೀಳಬೇಕಾದ ಗೇರ್ ಹಾಗೆ ಎದುರು ಒತ್ತಿದರೆ ನೀವು ತಪ್ಪು ಬಾಗಿಲು ತಟ್ಟುತ್ತಿದ್ದೀರಿ ಎಂದೇ ಲೆಕ್ಕ. 'ಸ್ವಲ್ಪ ಜೋರಾಗಿ ಹಾಕಿ, ಬೀಳುತ್ತೆ' ಎಂದು ಕಲಿಸುವವರ ಬಗ್ಗೆ ನನಗೆ ತೀವ್ರ ತಕರಾರಿದೆ. ಹೊಸಬರಿಗೆ ಸಿಗುವ ಒಂದೇ ಒಂದು ಮುನ್ಸೂಚನೆಯನ್ನು ಬಲದಿಂದ ಮುರಿಯುವ ಪಾಠ ಅದು.

ಇಷ್ಟಕ್ಕೂ ಕೈ ತಪ್ಪುವುದು ಯಾಕೆ? ಲಿವರನ್ನು ಮುಷ್ಟಿ ಕಟ್ಟಿ ಹಿಡಿಯುವುದರಿಂದ. ನ್ಯೂಟ್ರಲ್‌ನಲ್ಲಿ ಬಿಟ್ಟ ಲಿವರನ್ನು ಒಳಗಿನ ಸ್ಪ್ರಿಂಗ್ ಮೂರು ಮತ್ತು ನಾಲ್ಕರ ಸಾಲಿಗೇ ತಂದು ನಿಲ್ಲಿಸುತ್ತದೆ. ಮುಷ್ಟಿಯಲ್ಲಿ ಹಿಡಿದು ತೋಳಿನಿಂದ ಎಳೆದಾಗ ಎಳೆತ ನೇರ ಬರುವುದಿಲ್ಲ, ಒಂದು ಪಕ್ಕಕ್ಕೆ ವಾಲುತ್ತದೆ. ಆ ವಾಲುವಿಕೆ ಸ್ಪ್ರಿಂಗನ್ನು ಸೋಲಿಸಿದ ಗಳಿಗೆ ನಾಲ್ಕು ಎರಡಾಗುತ್ತದೆ. ಐದರಿಂದ ನಾಲ್ಕಕ್ಕೆ ಬರುವಾಗಲೂ ಅದೇ ಕಥೆ: ಐದು ಬಲಗಡೆಯ ಕೊನೆಯಲ್ಲಿದೆ, ಹಾಗಾಗಿ ಎಡಕ್ಕೆ ತಳ್ಳಬೇಕು ಎಂದು ಕೈ ತಾನೇ ತೀರ್ಮಾನಿಸಿಬಿಡುತ್ತದೆ. ತಳ್ಳಬೇಕಿಲ್ಲ. ಐದರಿಂದ ನ್ಯೂಟ್ರಲ್‌ಗೆ ಎಳೆಯಿರಿ, ಬೆರಳು ಸಡಿಲಿಸಿ, ಲಿವರ್ ತಾನಾಗಿ ನಡುವಿಗೆ ಬರುತ್ತದೆ, ಅಲ್ಲಿಂದ ನೇರ ಹಿಂದಕ್ಕೆ ಎಳೆದರೆ ನಾಲ್ಕು. ಎರಡರಿಂದ ಮೂರಕ್ಕೂ ಹೀಗೇ, ಮುಂದಕ್ಕೆ ತಳ್ಳಿ, ನಡುವೆ ಅರೆಕ್ಷಣ ಬಿಟ್ಟು, ಮತ್ತೆ ಮುಂದಕ್ಕೆ. ಮೂರರಿಂದ ನಾಲ್ಕಕ್ಕೆ ಬೆರಳುಗಳನ್ನು ಲಿವರಿನ ಮುಂಬದಿಗೆ ಕೊಕ್ಕೆಯಂತೆ ಹಾಕಿ ನೇರ ಎಳೆದರೆ ಸಾಕು, ಅಂಗೈ ತಾಗುವುದೇ ಬೇಡ. ಪಕ್ಕದ ಒತ್ತಡ ಬೇಕಾಗುವುದು ಒಂದು ಎರಡರ ಸಾಲಿಗೆ, ಐದು ಆರರ ಸಾಲಿಗೆ ಮತ್ತು ರಿವರ್ಸಿಗೆ ಮಾತ್ರ.

ಇಷ್ಟಾದರೂ ಒಮ್ಮೊಮ್ಮೆ ತಪ್ಪುತ್ತದೆ. ಆಗ ಉಳಿಸುವುದು ಎಡಗಾಲು. ವೇಗದಲ್ಲಿದ್ದಾಗ ಕ್ಲಚ್ ಪೆಡಲನ್ನು ಫಟ್ಟನೆ ಬಿಡಬಾರದು. ಹಿಡಿತ ಸಿಗುವ ಜಾಗಕ್ಕೆ ತಂದು ಆರ್‌ಪಿಎಂ ಮುಳ್ಳಿನ ಕಡೆ ಗಮನ ಕೊಡಿ. ಮೇಲಿನ ಗೇರಿಗೆ ಹಾಕಿದ್ದರೆ ಮುಳ್ಳು ಇಳಿಯಬೇಕು. ಒಂದು ಗೇರ್ ಕೆಳಗೆ ಹಾಕಿದ್ದರೆ ಕೊಂಚ ಏರಿ ನಿಲ್ಲಬೇಕು. ಎದ್ದು ಓಡತೊಡಗಿದರೆ, ಎಂಜಿನ್ ಕಿರುಚತೊಡಗಿದರೆ, ಕಾರು ಮುಗ್ಗರಿಸಿದರೆ, ಪೆಡಲ್ ವಾಪಸ್ ನೆಲಕ್ಕೆ. ಲಿವರ್ ನ್ಯೂಟ್ರಲ್‌ಗೆ, ಸ್ಟೇರಿಂಗ್ ನೇರ. ಆ ಕ್ಷಣ ಬ್ರೇಕ್ ಒತ್ತುವ ಆಸೆ ಬರುತ್ತದೆ, ತಡೆದುಕೊಳ್ಳಿ. ಎಂಜಿನ್ನೇ ಚಾಲನೆಯ ಚಕ್ರಗಳನ್ನು ಹಿಡಿದು ನಿಲ್ಲಿಸುತ್ತಿರುವಾಗ ಅದರ ಮೇಲೆ ಬ್ರೇಕೂ ಸೇರಿದರೆ ಒದ್ದೆ ರಸ್ತೆಯಲ್ಲಿ ಟಯರಿನ ಹಿಡಿತ ತಪ್ಪುತ್ತದೆ. ಮುಂಚಕ್ರ ಚಾಲನೆಯ ಕಾರು ತಿರುಗಲು ಒಪ್ಪದೆ ನೇರ ಜಾರುತ್ತದೆ, ಹಿಂಚಕ್ರ ಚಾಲನೆಯದು ಗಿರಕಿ ಹೊಡೆಯುತ್ತದೆ. ಚಕ್ರಗಳು ಮತ್ತೆ ಸ್ವತಂತ್ರವಾಗಿ ಉರುಳಿದ ಮೇಲೆ ಬ್ರೇಕ್, ಸರಿಯಾದ ಗೇರ್, ಎಲ್ಲ.

ಪದೇ ಪದೇ ತಪ್ಪು ಗೇರ್ ಬೀಳುತ್ತಿದ್ದರೆ ಚಾಲಕನನ್ನು ಬೈಯುವ ಮೊದಲು ಗಾಡಿ ನೋಡಿ. ಎಂಜಿನ್ ಆಫ್ ಮಾಡಿ, ಲಿವರನ್ನು ನ್ಯೂಟ್ರಲ್‌ನಲ್ಲೇ ಎಡಬಲಕ್ಕೆ ವಾಲಿಸಿ ಬಿಟ್ಟುನೋಡಿ. ಎರಡೂ ಕಡೆಯಿಂದ ಚಿಮ್ಮಿ ನಡುವಿಗೆ ಬರಬೇಕು. ವಾಲಿಯೇ ನಿಂತರೆ ಸ್ಪ್ರಿಂಗೋ ಕೇಬಲ್ಲೋ ಅದರ ತುದಿಯ ಬುಶ್ಶೋ ಕೆಲಸ ಕೇಳುತ್ತಿದೆ. ಬುಶ್ ಸಣ್ಣ ಪ್ಲಾಸ್ಟಿಕ್ ತುಂಡು, ಸವೆದರೆ ಗೇರುಗಳ ಜಾಗವೇ ಮಸುಕಾಗುತ್ತದೆ. ಓಡುವಾಗ ಆಕ್ಸಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಲಿವರ್ ಹಿಂದೆ ಮುಂದೆ ಕುಣಿದರೆ ಎಂಜಿನ್ ಮೌಂಟಿಂಗ್ ನೋಡಿಸಿ. ಕ್ಲಚ್ ಪೆಡಲ್ ಕೆಳಗೆ ಮ್ಯಾಟ್ ಮಡಚಿಕೊಂಡು ಪೂರ್ತಿ ತುಳಿಯಲು ಬಿಡದಿರುವುದೂ ಉಂಟು, ನೋಡಲು ಅರ್ಧ ನಿಮಿಷ ಸಾಕು.

ರಿವರ್ಸ್ ಬಗ್ಗೆ ಹೆಚ್ಚು ಹೆದರಬೇಕಿಲ್ಲ. ಬಹಳ ಕಾರುಗಳಲ್ಲಿ ಅದಕ್ಕೆ ಲಿವರಿನ ಕಾಲರ್ (ಉಂಗುರ) ಎತ್ತಬೇಕು ಅಥವಾ ಲಿವರ್ ಕೆಳಗೆ ಒತ್ತಬೇಕು. ಐದರ ಕೆಳಗೇ ರಿವರ್ಸ್ ಇರುವ ಕೆಲವದರಲ್ಲಿ ಐದರಿಂದ ನೇರ ಅಲ್ಲಿಗೆ ಇಳಿಯದಂತೆ ತಡೆ ಇರುತ್ತದೆ. ಹಲವು ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸಿಗೆ ಸಿಂಕ್ರೋ ಇಲ್ಲ, ಅದಕ್ಕೇ ಕಾರು ಪೂರ್ತಿ ನಿಲ್ಲದೆ ಹಾಕಿದರೆ ಹಲ್ಲು ಕಡಿದ ಸದ್ದು. ನಿಂತಿದ್ದರೂ ಕರಕರ ಅಂದರೆ ಕ್ಲಚ್ ತುಳಿದು ಎರಡು ಮೂರು ಸೆಕೆಂಡ್ ಕಾಯಿರಿ, ಇಲ್ಲವೇ ತುಳಿದಂತೆಯೇ ಒಮ್ಮೆ ಎರಡನೇ ಗೇರ್ ಮುಟ್ಟಿಸಿ. ಅದರ ಸಿಂಕ್ರೋ ಶಾಫ್ಟನ್ನು ನಿಲ್ಲಿಸಿಕೊಡುತ್ತದೆ, ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ನಿಜವಾದ ಅಪಾಯ ಒಂದರ ಪಕ್ಕದಲ್ಲೇ ರಿವರ್ಸ್ ಇರುವ ಕಾರುಗಳನ್ನು ಗೋಡೆಯ ಮುಂದೆ ನಿಲ್ಲಿಸಿದಾಗ. ಅಲ್ಲಿ ಮೊದಲ ಒಂದಡಿ ಹಾಫ್ ಕ್ಲಚ್‌ನಲ್ಲೇ, ರೇಸ್ ಕೊಡದೆ ಸರಿಸಿ.

ಎಂಜಿನ್ ರೆಡ್‌ಲೈನ್ ದಾಟಿ ಕಿರುಚಿದ್ದು ಖಚಿತವಾದರೆ ಪಕ್ಕಕ್ಕೆ ನಿಲ್ಲಿಸಿ ಐಡಲ್ ಕೇಳಿ. ನಡುಕ, ಟಕಟಕ ಸದ್ದು, ಆಯಿಲ್ ದೀಪ, ಇವುಗಳಲ್ಲಿ ಒಂದಿದ್ದರೂ ಆಫ್ ಮಾಡಿ ಟೋ ಮಾಡಿಸಿ. ಎಂಜಿನ್ ನಿಂತುಬಿಟ್ಟಿದ್ದರೆ ಸೆಲ್ಫ್ ಹೊಡೆಯುತ್ತ ಕೂರಬೇಡಿ. ವಾಲ್ವನ್ನೂ ಪಿಸ್ಟನ್ನನ್ನೂ ಒಂದೇ ತಾಳದಲ್ಲಿಡುವ ಟೈಮಿಂಗ್ ಬೆಲ್ಟ್ ಹಲ್ಲು ಜಿಗಿದಿದ್ದರೆ ಪ್ರತಿ ಸೆಲ್ಫಿಗೂ ಪಿಸ್ಟನ್ ಇನ್ನೊಂದು ವಾಲ್ವಿಗೆ ಬಡಿಯಬಹುದು. ಮೆಕ್ಯಾನಿಕ್ ಬಳಿ ಹೆಡ್ ಇಳಿಸುವ ಮಾತಿಗೆ ಮುಂಚೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಕೇಳಿ. ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 13 ಬಾರ್ ಬರುತ್ತದೆ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇಕಡಾ 15ಕ್ಕೂ ಹೆಚ್ಚು ಕೆಳಗೆ ತೋರಿಸಿದರೆ ಲೀಕ್‌ಡೌನ್ ಟೆಸ್ಟ್ ಮಾಡಿಸಿ, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿಂದ ಸೋರುತ್ತದೆ ನೋಡುವುದು. ಗಾಳಿ ಸೈಲೆನ್ಸರಿನಿಂದ ಹೊರಟರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆಯಿಂದ ಸುಯ್ ಅಂದರೆ ಇನ್‌ಟೇಕ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಎಲ್ಲ ಸರಿ ಬಂದರೂ ಆಯಿಲ್ ಬದಲಿಸಿ, ಹಳೆಯ ಫಿಲ್ಟರ್ ಕತ್ತರಿಸಿ ಮಡಿಕೆಗಳಲ್ಲಿ ಲೋಹದ ಹೊಳಪು ಇದೆಯೇ ನೋಡಿಸಿ. ಇದ್ದರೆ ಬೇರಿಂಗ್ ಸವೆದಿರಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಮಾತು. ಕೆಲವು ಕಾರುಗಳ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಈ ಮಿತಿಮೀರುವಿಕೆಯನ್ನು ಬರೆದಿಟ್ಟುಕೊಳ್ಳುತ್ತದೆ. ಪೋರ್ಷೆಯ ಹಲವು ಮ್ಯಾನ್ಯುಯಲ್ ಕಾರುಗಳಲ್ಲಿ ಯಾವ ಆರ್‌ಪಿಎಂ ವಲಯದಲ್ಲಿ ಎಷ್ಟು ಇಗ್ನಿಷನ್ (ಸ್ಪಾರ್ಕ್) ದಾಖಲಾಗಿವೆ, ಎಂಜಿನ್ ಎಷ್ಟು ಗಂಟೆ ಓಡಿದ್ದಾಗ ಹಾಗಾಗಿದೆ ಎಂಬುದು ಸ್ಕ್ಯಾನರಿನಲ್ಲಿ ಸಿಗುತ್ತದೆ. ಅಂಥ ದಾಖಲೆ ಇರುವ ಗಾಡಿಯಾದರೆ ಚೌಕಾಸಿಗೆ ಕೂರುವ ಮೊದಲೇ ಅದನ್ನು ತೆಗೆಸಿ ನೋಡಿ.