ಪಾಲಿಗಾಗಿ ಅಣ್ಣನ ಮೇಲೆ ಕೋರ್ಟಿಗೆ ಹೋಗಬೇಕೆ?

ಪರ

ಹೋಗಲೇಬೇಕು. ಕಾಸರಗೋಡಿನ ಕಡೆ ತಂಗಿಯ ಪಾಲು ಹೇಗೆ ಕೈತಪ್ಪುತ್ತದೆಂದು ನೋಡಿದವರಿಗೆ ಇದರಲ್ಲಿ ಅನುಮಾನವೇ ಬಾರದು. ಅಪ್ಪನ ಬೊಜ್ಜ (ಉತ್ತರಕ್ರಿಯೆ) ಕಳೆದು ತಿಂಗಳಾಗುವುದರೊಳಗೆ ಅಣ್ಣನ ಫೋನು: "ಬ್ಯಾಂಕಿನ ಸಾಲಕ್ಕೆ ನಿನ್ನದೊಂದು ಸೈನ್ ಬೇಕು, ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೋಗು ಮಾರಾಯ್ತಿ." ಕಾಗದ ಮಲಯಾಳದಲ್ಲಿ, ಅವಳು ಓದಿದ್ದು ಕನ್ನಡ ಶಾಲೆಯಲ್ಲಿ. ಸೈನ್ ಹಾಕಿ, ಅತ್ತಿಗೆ ಬಡಿಸಿದ್ದು ಉಂಡು, ಕೊಟ್ಟ ಸೀರೆ ಹಿಡಿದು ಪುತ್ತೂರಿನ ಬಸ್ಸು ಹತ್ತುತ್ತಾಳೆ. ಹಕ್ಕು ಬಿಟ್ಟುಕೊಟ್ಟದ್ದು ಗೊತ್ತಾಗುವುದು ಎಷ್ಟೋ ವರ್ಷಗಳ ಮೇಲೆ.

ಊರಲ್ಲೇ ಪಂಚಾತಿಕೆ ಮಾಡೋಣವೆನ್ನುತ್ತಾರೆ. ಕೂರುವವರು ಯಾರು? ಅಣ್ಣನ ಜತೆ ಸೊಸೈಟಿಯಲ್ಲಿ ಡೈರೆಕ್ಟರಾಗಿದ್ದವರು, ತಮ್ಮ ತಮ್ಮ ತಂಗಿಯರಿಗೆ ಏನೂ ಕೊಡದವರು.

ಕಾನೂನೂ ತಾನಾಗಿ ಬಂದದ್ದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಬಂತು. ಆದರೆ ಗಡಿಯ ಈಚೆ ನಮಗೆ ಕೇರಳದ 1975ರ ಕಾಯ್ದೆ ಅಡ್ಡ. 1976ರ ಡಿಸೆಂಬರ್ 1ರಿಂದ ಅವಿಭಕ್ತ ಕುಟುಂಬವನ್ನೇ ಅದು ರದ್ದುಮಾಡಿತ್ತು. ಕುಟುಂಬವೇ ಇಲ್ಲದ ಮೇಲೆ ಹುಟ್ಟಿನ ಹಕ್ಕು ಎಲ್ಲಿಂದ ಎಂಬುದು ಗಂಡುಮಕ್ಕಳ ವಾದ. 2004ರ ಡಿಸೆಂಬರ್ 20ರ ಬಳಿಕ ತೀರಿಕೊಂಡವರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ಕೇರಳ ಹೈಕೋರ್ಟು ಹೇಳಿದ್ದು 2025ರ ಜುಲೈಯಲ್ಲಿ. ಹೆಣ್ಣುಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಿದ್ದಕ್ಕೆ ಆ ತೀರ್ಪು ಬಂತು. ಮನೆಯ ಮಾತು ಮನೆಯಲ್ಲೇ ಇರಲೆಂದು ಅವರೂ ಸುಮ್ಮನಿದ್ದಿದ್ದರೆ?

ವಿರೋಧ

ತಂಗಿಗೆ ಪಾಲಿಲ್ಲವೆನ್ನುವವನು ನಾನಲ್ಲ. ಸೀರೆ ಕೊಟ್ಟು ಸೈನ್ ಹಾಕಿಸಿಕೊಳ್ಳುವ ಅಣ್ಣಂದಿರನ್ನು ನಾನೂ ಬಲ್ಲೆ. ನನ್ನ ತಕರಾರು ದಾರಿಯದ್ದು.

ಪಾಲಿನ ದಾವೆ ಗೆದ್ದರೆ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ, ಅಂದರೆ ಇವಳಿಗೆ ಮೂರರಲ್ಲೊಂದು ಎಂಬ ಕಾಗದ. ಆ ಮೂರರಲ್ಲೊಂದು ಎಲ್ಲಿದೆಯೆಂದು ತಿಳಿಯಲು ಕೋರ್ಟು ನೇಮಿಸಿದ ಕಮಿಷನರು ಬರಬೇಕು, ಸರ್ವೆಯವರು ಬರಬೇಕು. ಪ್ಲಾನಿಗೆ ಆಕ್ಷೇಪ, ಮರುಅಳತೆ, ಅಂತಿಮ ಡಿಕ್ರಿ, ಅಪೀಲು. ನಡುವೆ ಯಾರಾದರೂ ತೀರಿಕೊಂಡರೆ ವಾರಸುದಾರರನ್ನು ಸೇರಿಸಬೇಕು. ತಂಗಿ ಹೂಡಿದ ದಾವೆಯನ್ನು ಅವಳ ಮಕ್ಕಳು ನಡೆಸುತ್ತಾರೆ, ಎದುರಿಗೆ ಮುಖಪರಿಚಯವೂ ಇಲ್ಲದ ಸೋದರಮಾವನ ಮಕ್ಕಳು.

ಕಮಿಷನರು ನಮ್ಮ ತೋಟ ಅಳೆಯುವುದನ್ನು ನೋಡಬೇಕು. ಅಡಿಕೆ ಮರ ಎಣಿಸುತ್ತಾರೆ, ತೆಂಗು ಎಣಿಸುತ್ತಾರೆ, ಸೆಂಟ್ಸಿನ ಲೆಕ್ಕ ಸರಿಬರುತ್ತದೆ. ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗವನ್ನೇನು ಮಾಡುತ್ತಾರೆ? ಅದರ ಬಾಯಿ ಅಣ್ಣನ ಪಾಲಿಗೆ, ಮುರಕಲ್ಲು ಕೊರೆದು ಒಳಗೆ ಹೋದದ್ದು ತಮ್ಮನ ಗುಡ್ಡದ ಅಡಿಗೆ, ನೀರು ಬಂದು ನಿಲ್ಲುವ ಟಾಂಕಿ ತಂಗಿಯ ಪಾಲಿಗೆ. ನೀರಿನ ಹಕ್ಕು ಮೂವರಿಗೂ ಸಮಾನವೆಂದು ಡಿಕ್ರಿಯಲ್ಲಿ ಒಂದು ಗೆರೆ ಬರೆಯಬಹುದು. ಏಪ್ರಿಲಿನಲ್ಲಿ ನೀರು ಬೆರಳಿನಷ್ಟು ದಪ್ಪಕ್ಕೆ ಇಳಿದಾಗ ಹಗಲು ಯಾರ ಸರದಿ, ರಾತ್ರಿ ಯಾರದು? ಒಳಗೆ ಮಣ್ಣು ಜರಿದರೆ ತೆಗೆಸುವ ಸಂಬಳ ಯಾರು ಕೊಡಬೇಕು? ಇದನ್ನೆಲ್ಲ ಕೂತು ಮಾತಾಡಿ ಮುಗಿಸಬಲ್ಲವರು ಆ ನೀರು ಕುಡಿದು ಬೆಳೆದವರೇ. ಅವರನ್ನು ವಿದ್ಯಾನಗರದ ಕೋರ್ಟಿನ ಕಟಕಟೆ ಹತ್ತಿಸಿ, "ಮದುವೆಯಲ್ಲಿ ನಿಮಗೆ ಎಷ್ಟು ಪವನು ಚಿನ್ನ ಹಾಕಿದ್ದರು? ಬಾಣಂತನದ ಖರ್ಚು ಯಾರದು?" ಎಂದು ಎಲ್ಲರೆದುರು ಪಾಟೀಸವಾಲು ಮಾಡಿಸಿದ ಮೇಲೆ ಇನ್ನು ಯಾವ ಮಾತುಕತೆ?

ಊರ ಪಂಚಾತಿಕೆ ನನಗೂ ಬೇಡ. ಲೋಕ ಅದಾಲತ್ ಇದೆಯಲ್ಲ. ದಾವೆ ಹೂಡುವ ಮೊದಲೇ ಅರ್ಜಿ ಕೊಡಬಹುದು. ಅಲ್ಲಿ ಒಪ್ಪಿ ಬರೆದುಕೊಂಡದ್ದು ಡಿಕ್ರಿಗೆ ಸಮ, ಅಪೀಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಕೇಳದೆ ಉಚಿತ ವಕೀಲರೂ ಸಿಗುತ್ತಾರೆ. ಅಲ್ಲಿ ಸುರಂಗದ ಸರದಿಯನ್ನೂ ಬರೆಸಿಕೊಳ್ಳಬಹುದು, ಮಣ್ಣು ತೆಗೆಸುವ ಖರ್ಚನ್ನೂ.

ಅಣ್ಣ ಅಲ್ಲಿಗೂ ಬರಲಿಲ್ಲವೋ, ಆಗ ದಾವೆ ಹೂಡಲಿ. ವಕೀಲರ ಆಫೀಸಿಗೆ ಬೇಕಾದರೆ ನಾನೇ ಕರೆದುಕೊಂಡು ಹೋಗುತ್ತೇನೆ.