ಯಲ್ಲಮ್ಮನ ಜಾತ್ರೆ, ಬಿಬಿಸಿ ಹುಂಡಿ

ಬರ್ಮಿಂಗ್‌ಹ್ಯಾಮ್ ಹತ್ತಿರ ಇರುವ ನಮ್ಮ ದೊಡ್ಡಪ್ಪನ ಮನೆಯ ಹಾಲ್‌ನಲ್ಲಿ ಮೂರು ಫ್ರೇಮುಗಳಿವೆ. ಒಂದರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ್ದಕ್ಕೆ ಸಾಕ್ಷಿ. ಇನ್ನೊಂದರಲ್ಲಿ ಧರ್ಮಸ್ಥಳದ ಮಂಜುನಾಥಸ್ವಾಮಿ. ಮೂರನೆಯದರಲ್ಲಿ ಒಂದು ಟಿವಿ ಲೈಸೆನ್ಸು, ಅವಧಿ 2020ರಲ್ಲೇ ಮುಗಿದಿದೆ. ಸ್ವಾಮಿಯ ಫ್ರೇಮಿಗೆ ವಾರಕ್ಕೊಮ್ಮೆ ಬಟ್ಟೆ ಬೀಳುತ್ತೆ, ಲೈಸೆನ್ಸಿನ ಗಾಜಿಗೆ ದಿನಾ.

“ಈ ದೇಶ ನನಗೆ ಬಿಟ್ಟಿ ಕೊಟ್ಟಿದ್ದು ಇದೊಂದೇ ಕಣೋ” ಅಂತಾರೆ ದೊಡ್ಡಪ್ಪ.

“ಆಸ್ಪತ್ರೆ ಬಿಟ್ಟಿ ಅಲ್ವಾ ದೊಡ್ಡಪ್ಪ?”

“ಅಲ್ಲಿ ಮೂವತ್ತು ವರ್ಷ ನಾನೇ ನೈಟ್ ಡ್ಯೂಟಿ ಮಾಡಿದೀನಿ. ಅದು ಹೆಂಗೆ ಬಿಟ್ಟಿ ಆಗುತ್ತೆ?”

ನಮ್ಮೂರಿನ ಹೊಸ ಹುಡುಗರಿಗೆ ಒಂದು ಮಾತು ಹೇಳಬೇಕು. ಬ್ರಿಟನ್ನಿನಲ್ಲಿ ಟಿವಿ ನೋಡೋಕೆ ಲೈಸೆನ್ಸ್ ಬೇಕು. ಆ ಕಾಸು ಹೋಗೋದು ಅಲ್ಲಿನ ಸಾರ್ವಜನಿಕ ಟಿವಿ-ರೇಡಿಯೋ ಸಂಸ್ಥೆ ಬಿಬಿಸಿಗೆ. ನಾಯಿ ಸಾಕುವ ಲೈಸೆನ್ಸನ್ನು 1987ರಲ್ಲೇ ಇಂಗ್ಲೆಂಡಿನಲ್ಲಿ ತೆಗೆದುಹಾಕಿದರು. ನಾಯಿ ಕಚ್ಚುತ್ತೆ, ಟಿವಿ ಕಚ್ಚಲ್ಲ, ಆದರೂ ಟಿವಿ ಸಾಕುವುದಕ್ಕೆ ಇವತ್ತಿಗೂ ಕಾಸು ಕಟ್ಟಬೇಕು. 1946ರಲ್ಲಿ ಶುರುವಾದಾಗ ಎರಡು ಪೌಂಡ್. 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174 ಪೌಂಡ್ 50 ಪೆನ್ಸ್ ಆಯಿತು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ರೂಪಾಯಿ. ಕಟ್ಟದೆ ನೋಡಿ ಸಿಕ್ಕಿಬಿದ್ದರೆ ಅದು ಕ್ರಿಮಿನಲ್ ಕೇಸು, ದಂಡ ಸಾವಿರ ಪೌಂಡ್‌ವರೆಗೆ. ನಗಬೇಡಿ. ನಮ್ಮಲ್ಲೂ ರೇಡಿಯೋ ಲೈಸೆನ್ಸ್ ಇತ್ತು. ಅಂಚೆ ಕಚೇರಿಗೆ ಹೋಗಿ ಪುಟ್ಟ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಂಡು ಬರಬೇಕಿತ್ತು. ಇನ್‌ಸ್ಪೆಕ್ಟರ್ ಬೀದಿಗೆ ಬಂದ ಅಂದರೆ ನಮ್ಮಜ್ಜ ಟ್ರಾನ್ಸಿಸ್ಟರನ್ನು ರಾಗಿ ಕಣಜಕ್ಕೆ ಇಳಿಬಿಡುತ್ತಿದ್ದರಂತೆ. ಒಂದು ಸಲ ಆಫ್ ಮಾಡೋದು ಮರೆತು, ಕಣಜದೊಳಗಿನಿಂದ ಪ್ರದೇಶ ಸಮಾಚಾರ ಬಂತಂತೆ. 1980ರ ದಶಕದಲ್ಲಿ ನಮ್ಮ ಸರ್ಕಾರಕ್ಕೆ ಸಾಕಾಗಿ ಅದನ್ನು ಬಿಟ್ಟಿತು. ಬ್ರಿಟಿಷರು ಬಿಡಲಿಲ್ಲ.

ಆದರೆ ಮುದುಕರ ಮೇಲೆ ಅವರಿಗೂ ಕನಿಕರ ಹುಟ್ಟಿತು. 1999ರಲ್ಲಿ ಗಾರ್ಡನ್ ಬ್ರೌನ್ ಎಂಬ ಹಣಕಾಸು ಮಂತ್ರಿ 75 ದಾಟಿದವರಿಗೆಲ್ಲ ಟಿವಿ ಲೈಸೆನ್ಸ್ ಉಚಿತ ಎಂದು ಘೋಷಿಸಿದ. ಮರುವರ್ಷದ ನವೆಂಬರ್‌ನಿಂದ ಜಾರಿ. ನಮ್ಮ ಕಡೆ ಆಗಿದ್ದರೆ ‘ಟಿವಿ ಭಾಗ್ಯ’ ಅಂತ ಹೆಸರಿಟ್ಟು, ಫ್ಲೆಕ್ಸ್ ಹಾಕಿಸಿ, ಮೊದಲ ಫಲಾನುಭವಿ ಅಜ್ಜಿಗೆ ಶಾಲು ಹೊದಿಸುತ್ತಿದ್ದರು. ದುಡ್ಡನ್ನು ಸರ್ಕಾರ ಬಿಬಿಸಿಗೆ ತುಂಬಿಕೊಡುತ್ತಿತ್ತು. ಅಲ್ಲಿಗೆ ಎಲ್ಲರೂ ಖುಷಿ. ಬಡವ, ಬಲ್ಲಿದ, ಅರಮನೆಯಂಥ ಮನೆಯ ಲಾರ್ಡು, ಎಲ್ಲರಿಗೂ 75 ಆದರೆ ಸಾಕು. 74ರ ಬಡವಿ ಮಾತ್ರ ಕಟ್ಟಬೇಕು, 76ರ ಸಿರಿವಂತ ಕಟ್ಟಬೇಕಿಲ್ಲ. ಬಡತನವನ್ನು ಅಳೆಯೋದು ಕಷ್ಟ, ವಯಸ್ಸಾದರೋ ಬರ್ತ್ ಸರ್ಟಿಫಿಕೇಟಲ್ಲೇ ಬರೆದಿರುತ್ತೆ.

ಇನ್ನೊಂದು ಸ್ವಾರಸ್ಯ: ಮನೆಯಲ್ಲಿ 75 ಆದವರು ಒಬ್ಬರಿದ್ದರೆ ಇಡೀ ಮನೆಗೆ ಲೈಸೆನ್ಸ್ ಆದಂತೆ. ಅಜ್ಜಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಇಂಗ್ಲಿಷರಿಗೆ ಸಿಕ್ಕ ಆರ್ಥಿಕ ಕಾರಣ ಬಹುಶಃ ಇದೊಂದೇ. ಅವಿಭಕ್ತ ಕುಟುಂಬ ಉಳಿಸಬೇಕು ಅಂತ ನಮ್ಮ ಸ್ವಾಮೀಜಿಗಳು ಎಷ್ಟು ಪ್ರವಚನ ಕೊಟ್ಟರೂ ಇಂಥ ಸಬ್ಸಿಡಿ ಯಾರಿಗೂ ಹೊಳೆದಿರಲಿಲ್ಲ.

ಮುಂದಿನದ್ದು ಅಸಲಿ ಕಥೆ. 2015ರ ಜುಲೈಯಲ್ಲಿ ಇನ್ನೊಬ್ಬ ಹಣಕಾಸು ಮಂತ್ರಿ, ಜಾರ್ಜ್ ಆಸ್ಬೋರ್ನ್, ಖಜಾನೆ ನೋಡಿದ. ಖಾಲಿ ಖಾಲಿ ಕಂಡಿತು. ಉಚಿತ ಲೈಸೆನ್ಸ್ ತೆಗೆದುಹಾಕಿದರೆ ಮುದುಕರು ವೋಟು ಹಾಕಲ್ಲ. ಬ್ರಿಟನ್ನಿನಲ್ಲಿ ಮಳೆ ಬಂದರೂ ತಪ್ಪದೆ ವೋಟು ಹಾಕುವವರು ಮುದುಕರೇ. ಹಾಗಾಗಿ ಆತ ಉಚಿತವನ್ನು ಮುಟ್ಟಲಿಲ್ಲ. ಬಿಲ್ಲನ್ನು ಮಾತ್ರ ಬಿಬಿಸಿ ಕೈಗೆ ಕೊಟ್ಟ. ನಾವು ಉಡುಗೊರೆ ಕೊಡ್ತೀವಿ, ನೀವು ಅಂಗಡಿಯವನಿಗೆ ದುಡ್ಡು ಕೊಟ್ಟುಬಿಡಿ ಅಂದ ಹಾಗೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಸವದತ್ತಿ ಗುಡ್ಡ ಹತ್ತದೆಯೇ ಆಸ್ಬೋರ್ನ್‌ಗೆ ಈ ಗಾದೆ ಒಲಿದಿತ್ತು.

ಕನ್ನಡದಲ್ಲಿ ಹೇಳೋದಾದರೆ ಇಷ್ಟು: ನಾಳೆಯಿಂದ ಶಕ್ತಿ ಯೋಜನೆಯ ದುಡ್ಡನ್ನು ಸರ್ಕಾರ ಕೊಡಲ್ಲ, ಸಾರಿಗೆ ನಿಗಮದವರು ಡೀಸೆಲ್ ಕಾಸಿನಲ್ಲೇ ಹೊಂದಿಸಿಕೊಳ್ಳಲಿ. ಆಗದಿದ್ದರೆ ಯಾವ ಹೆಂಗಸರನ್ನು ಹತ್ತಿಸಬೇಕು, ಯಾರನ್ನು ಇಳಿಸಬೇಕು ಅನ್ನೋದನ್ನು ಕಂಡಕ್ಟರೇ ತೀರ್ಮಾನ ಮಾಡಲಿ. ಇಳಿಸಿದ ದಿನ ಮಂತ್ರಿಗಳು ಬಸ್‌ಸ್ಟ್ಯಾಂಡಿಗೆ ಬಂದು ಕಂಡಕ್ಟರನ ಕ್ರೌರ್ಯ ಖಂಡಿಸುತ್ತಾರೆ.

ಬಿಬಿಸಿಯೇನು ಪಾಪದ ಹಸು ಅಂದುಕೊಳ್ಳಬೇಡಿ. ಆ ಒಪ್ಪಂದದಲ್ಲಿ ಅವರಿಗೂ ಒಂದಿಷ್ಟು ಸಿಕ್ಕಿತ್ತು. ಶುಲ್ಕ ಬೆಲೆಯೇರಿಕೆಯ ಜೊತೆ ಏರುತ್ತೆ ಅಂತ ಮಾತು ಸಿಕ್ಕಿತು, ಬಿಬಿಸಿಯದೇ ಆ್ಯಪ್ ಐಪ್ಲೇಯರ್‌ನಲ್ಲಿ ನಂತರ ನೋಡುವವರಿಗೂ ಲೈಸೆನ್ಸ್ ಬೇಕು ಅನ್ನುವ ನಿಯಮ 2016ರ ಸೆಪ್ಟೆಂಬರ್‌ನಲ್ಲಿ ಬಂತು. ಸಹಿ ಹಾಕುವಾಗ ಪೆನ್ನು ಚೆನ್ನಾಗೇ ಓಡಿತು. ಅಳು ಬಂದಿದ್ದು ಆಮೇಲೆ.

2017ರ ಏಪ್ರಿಲ್‌ನಲ್ಲಿ ಕಾನೂನು ಆಯಿತು: ಯಾವ ಮುದುಕರಿಗೆ ಉಚಿತ ಅನ್ನುವುದನ್ನು ಇನ್ನು ಮುಂದೆ ಬಿಬಿಸಿಯೇ ನಿರ್ಧರಿಸಲಿ. ಅದೇ ವರ್ಷ ಜೂನ್‌ನಲ್ಲಿ ಚುನಾವಣೆ. ಅದೇ ಆಳುವ ಪಕ್ಷದ ಪ್ರಣಾಳಿಕೆಯಲ್ಲಿ ಮುಂದಿನ ಸಂಸತ್ತಿನ ಅವಧಿ ಪೂರ್ತಿ ಉಚಿತ ಲೈಸೆನ್ಸ್ ಉಳಿಸಿಕೊಳ್ಳುವ ಭರವಸೆ! ಮನೆ ಮಾರಿ ರಿಜಿಸ್ಟ್ರೇಷನ್ ಮಾಡಿಕೊಟ್ಟು, ಮರುತಿಂಗಳು ಬಾಡಿಗೆದಾರರಿಗೆ “ನಿಮ್ಮನ್ನ ಯಾರೂ ಎಬ್ಬಿಸಲ್ಲ, ನಾನಿದೀನಿ” ಅಂದ ಹಾಗೆ.

2019ರ ಜೂನ್‌ನಲ್ಲಿ ಬಿಬಿಸಿ ಲೆಕ್ಕ ಮುಂದಿಟ್ಟಿತು. ಎಲ್ಲರಿಗೂ ಕೊಟ್ಟರೆ 2021-22ರ ಹೊತ್ತಿಗೆ ವರ್ಷಕ್ಕೆ 745 ಮಿಲಿಯನ್ ಪೌಂಡ್, ಅಂದರೆ ಬಜೆಟ್ಟಿನ ಐದರಲ್ಲೊಂದು ಪಾಲು. ಚಾನೆಲ್ಲುಗಳನ್ನೇ ಮುಚ್ಚಬೇಕಾಗುತ್ತೆ. ಅಂದರೆ ಅಜ್ಜಿಗೆ ಟಿವಿ ಬಿಟ್ಟಿ ಸಿಗುತ್ತೆ, ನೋಡೋಕೆ ಏನೂ ಇರಲ್ಲ. ಆದ್ದರಿಂದ ಪೆನ್ಷನ್ ಕ್ರೆಡಿಟ್ ಎಂಬ ಬಡ ಮುದುಕರ ಭತ್ಯೆ ಪಡೆಯುವ ಮನೆಗಳಿಗೆ ಮಾತ್ರ ಉಚಿತ ಅಂದರು. ಸರ್ಕಾರಕ್ಕೆ ಬಹಳ ನಿರಾಶೆಯಾಯಿತಂತೆ. ಜನ ಮಾತ್ರ ಬಿಬಿಸಿಯಲ್ಲಿ ಫುಟ್‌ಬಾಲ್ ಕಾರ್ಯಕ್ರಮ ನಡೆಸುತ್ತಿದ್ದ ಗ್ಯಾರಿ ಲಿನೇಕರ್‌ನ ಸಂಬಳದ ಪಟ್ಟಿ ತೆಗೆದರು. ಆ ವರ್ಷ 17.5 ಲಕ್ಷ ಪೌಂಡ್. ಎಷ್ಟು ಅಜ್ಜಿಯರ ಲೈಸೆನ್ಸ್ ಸೇರಿದರೆ ಒಬ್ಬ ಲಿನೇಕರ್ ಅಂತ ಭಾಗಾಕಾರ ಮಾಡಿ ನೋಡಿದೆ. ಹನ್ನೊಂದು ಸಾವಿರಕ್ಕೂ ಮೇಲೆ. ಆಸ್ಬೋರ್ನ್‌ನ ಸಹಿಯನ್ನು ಯಾರೂ ಭಾಗಿಸಲಿಲ್ಲ.

ಜಾರಿಯಾಗಿದ್ದು 2020ರ ಆಗಸ್ಟ್ 1ಕ್ಕೆ. ಆ ವರ್ಷ ಮುದುಕರಿಗೆ ಹೇಳಿದ್ದು ಎರಡೇ ಮಾತು: ಮನೆ ಬಿಟ್ಟು ಆಚೆ ಬರಬೇಡಿ; ಮನೆಯಲ್ಲಿ ಟಿವಿ ನೋಡಿದರೆ 157 ಪೌಂಡ್ 50 ಪೆನ್ಸ್ ಕೊಡಿ.

ಪೆನ್ಷನ್ ಕ್ರೆಡಿಟ್ ಕಥೆ ಇನ್ನೂ ಚೆಂದ. ಅದಕ್ಕೆ ಅರ್ಹರಾದವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಆ ಹೊತ್ತಿಗೆ ಪಡೆಯುತ್ತಲೇ ಇರಲಿಲ್ಲ. ಅದರ ಅರ್ಜಿಯಲ್ಲಿ 243 ಪ್ರಶ್ನೆಗಳಿವೆ ಅಂತ 2024ರಲ್ಲಿ ಪತ್ರಿಕೆಗಳು ಎಣಿಸಿ ಬರೆದವು. ನಮ್ಮ ಕೆಪಿಎಸ್‌ಸಿ ಪ್ರಿಲಿಮ್ಸ್ ಎರಡೂ ಪೇಪರ್ ಸೇರಿಸಿದರೂ ಅಷ್ಟಾಗಲ್ಲ. ಟಿವಿ ಆಸೆಗೆ ಎಲ್ಲರೂ ಧೈರ್ಯ ಮಾಡಿ ಅರ್ಜಿ ಹಾಕಿಬಿಟ್ಟರೆ ಉಳಿಸಿದ್ದಕ್ಕಿಂತ ಹೆಚ್ಚು ದುಡ್ಡು ಖಜಾನೆಯಿಂದ ಹೋಗಬಹುದು ಅಂತ ಲೆಕ್ಕ ಹಾಕಿದವರೂ ಇದ್ದರು. ಅದೃಷ್ಟ, 243 ಪ್ರಶ್ನೆಗಳು ಖಜಾನೆಯನ್ನು ಕಾಯುತ್ತಿದ್ದವು.

ದೊಡ್ಡಪ್ಪನ ಪಕ್ಕದ ಮನೆಯ ಮುದುಕಿಗೆ 84. ಒಂಟಿ. ಹಿಂದೆ ಚಾಕಲೇಟ್ ಫ್ಯಾಕ್ಟರಿಯಲ್ಲಿ ಡಬ್ಬ ತುಂಬುತ್ತಿದ್ದಳು. ಅಲ್ಲಿಂದ ಬರುವ ಚೂರುಪಾರು ಪೆನ್ಷನ್ ಸೇರಿ ಅವಳ ಆದಾಯ ಬಡತನದ ಗೆರೆಯನ್ನು ಬಳೆಯಷ್ಟು ಅಗಲ ದಾಟಿದೆ. ವಾರಕ್ಕೊಮ್ಮೆ ಮೂಲೆಯಂಗಡಿಗೆ ಹೋಗಿ, ಬಿಸ್ಕತ್ತಿನ ಡಬ್ಬಿಯಿಂದ ಎಣಿಸಿ ತಂದ ಚಿಲ್ಲರೆಯನ್ನು ಗಲ್ಲಾದ ಮೇಲೆ ಸಾಲಾಗಿ ಜೋಡಿಸಿ, ಲೈಸೆನ್ಸ್ ಕಾರ್ಡಿಗೆ ತುಂಬಿಸಿಕೊಂಡು ಬರುತ್ತಾಳೆ. ಅಂಗಡಿಯ ಗುಜರಾತಿಯವನು ಎಣಿಸದೇ ಬಾಚಿಕೊಳ್ಳುತ್ತಾನೆ. ಅವಳ ಲೆಕ್ಕ ತಪ್ಪಿದ್ದಿಲ್ಲ. ಕನ್ಸಲ್ಟೆಂಟ್ ಡಾಕ್ಟರಾಗಿ ರಿಟೈರಾದ ನಮ್ಮ ದೊಡ್ಡಪ್ಪ ಬ್ಯಾಂಕಿನಿಂದ ಕಟ್ಟುತ್ತಾರೆ, ಕಟ್ಟಿದ್ದು ಅವರಿಗೆ ಗೊತ್ತೇ ಆಗಲ್ಲ. ಇಬ್ಬರಿಗೂ ಒಂದೇ ರೇಟು. ಹಿಂದೆ ಇಬ್ಬರಿಗೂ ಬಿಟ್ಟಿ, ಈಗ ಇಬ್ಬರಿಗೂ ಪೂರ್ತಿ. ದೊಡ್ಡಪ್ಪನಿಗೆ ಕೊಟ್ಟಿದ್ದೂ ದಂಡ, ಅವಳಿಂದ ಕಿತ್ತುಕೊಂಡಿದ್ದೂ ದಂಡ ಅಂತ ನಾನು ಹೇಳಿದರೆ ದೊಡ್ಡಪ್ಪ ಒಂದು ವಾರ ಮಾತು ಬಿಡುತ್ತಾರೆ.

ರಿಯಾಯಿತಿ ಬೇಕೇ ಬೇಕು ಅಂದರೆ ದಾರಿಗಳಿವೆ. ಕಣ್ಣು ಕಾಣದವರು ಅಂತ ಸರ್ಟಿಫಿಕೇಟ್ ಇದ್ದವರಿಗೆ ಅರ್ಧ ಬೆಲೆ, 2025ರ ದರದಲ್ಲಿ 87 ಪೌಂಡ್ 25 ಪೆನ್ಸ್. ಚಿತ್ರ ಕಾಣಲ್ಲ, ಸದ್ದಾದರೂ ಕೇಳುತ್ತಲ್ಲ, ಅದರ ಬಾಬ್ತು. ಬರೀ ಸದ್ದು ಕೇಳುವ ರೇಡಿಯೋ ಲೈಸೆನ್ಸನ್ನು 1971ರಲ್ಲೇ ರದ್ದು ಮಾಡಿದ್ದಾರೆ ಅನ್ನೋದು ಬೇರೆ ಮಾತು. ಕಿವುಡರಿಗೆ ರಿಯಾಯಿತಿ ಇಲ್ಲ. ಕಪ್ಪು ಬಿಳುಪು ಟಿವಿ ಇಟ್ಟುಕೊಂಡರೆ 2025ರ ದರದಲ್ಲಿ 58 ಪೌಂಡ್ 50 ಪೆನ್ಸ್. ಅಂಥ ಲೈಸೆನ್ಸ್ ಇಟ್ಟುಕೊಂಡವರು ಈಗಲೂ ಇದ್ದಾರೆ. ಅಂದರೆ ಬ್ರಿಟನ್ನಿನಲ್ಲಿ ಕಣ್ಣು ಕಳಕೊಳ್ಳುವುದಕ್ಕಿಂತ ಬಣ್ಣ ಕಳಕೊಳ್ಳುವುದು ಅಗ್ಗ. ಎಲ್ಲಕ್ಕಿಂತ ಅಗ್ಗ ವೃದ್ಧಾಶ್ರಮ: ನಿಯಮಕ್ಕೆ ಒಳಪಟ್ಟ ಕಡೆ ರೂಮಿಗೆ ಏಳೂವರೆ ಪೌಂಡ್. ದೊಡ್ಡಪ್ಪ ಈ ರೇಟ್ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿ, ತಮ್ಮ ಕಣ್ಣಿನ ಪೊರೆಯ ರಿಪೋರ್ಟನ್ನೂ ಪಕ್ಕದಲ್ಲಿಟ್ಟು ಯೋಚನೆ ಮಾಡುತ್ತಿರುತ್ತಾರೆ.

ದೊಡ್ಡಮ್ಮನ ಸಮಸ್ಯೆ ಬೇರೆ. ಆಕೆ ಬಿಬಿಸಿ ನೋಡೋದೇ ಇಲ್ಲ. ಮಧ್ಯಾಹ್ನ ಊಟ ಬಡಿಸಿಟ್ಟು ಕನ್ನಡ ಸೀರಿಯಲ್ ಹಾಕಿಕೊಂಡು ಕೂರುತ್ತಾರೆ. ಬೆಂಗಳೂರಲ್ಲಿ ಸಂಜೆ ಏಳು ಅಂದರೆ ಇಲ್ಲಿ ಚಳಿಗಾಲದಲ್ಲಿ ಒಂದೂವರೆ. ಆದರೆ ಕಾನೂನು ಹೇಳುವುದು: ಯಾವ ದೇಶದ ಯಾವ ಚಾನೆಲ್ಲೇ ಆಗಲಿ, ಪ್ರಸಾರ ಆಗುತ್ತಿರುವಾಗಲೇ ನೋಡಿದರೆ ಲೈಸೆನ್ಸ್ ಬೇಕು. ಆಮೇಲೆ ಆ್ಯಪ್‌ನಲ್ಲಿ ನೋಡಿದರೆ, ಅದು ಬಿಬಿಸಿಯದ್ದಲ್ಲದಿದ್ದರೆ, ಬೇಡ. ಅತ್ತೆ ಸೊಸೆಯ ಕೆನ್ನೆಗೆ ಬಾರಿಸಿದ್ದನ್ನು ಬಾರಿಸುವಾಗಲೇ ನೋಡಿದರೆ ಲೈಸೆನ್ಸಿನ ಪೂರ್ತಿ ಕಾಸು. ಮಾರನೇ ದಿನ ಕೆನ್ನೆ ಊದಿದ ಮೇಲೆ ನೋಡಿದರೆ ಪುಕ್ಕಟೆ. ಬಾರಿಸಿದ್ದು ಬೆಂಗಳೂರಲ್ಲಿ, ದುಡ್ಡು ಲಂಡನ್ನಿಗೆ.

“ಹಂಗಾದ್ರೆ ನಾಳೆಯಿಂದ ಒಂದು ದಿನ ತಡವಾಗೇ ನೋಡೋಣ ಬಿಡಿ. ಲೈಸೆನ್ಸ್ ರದ್ದು ಮಾಡಿಸಿಬಿಡಿ” ಅಂದರು ದೊಡ್ಡಮ್ಮ. ದೊಡ್ಡಪ್ಪ ರದ್ದು ಮಾಡಿಸಿಯೇಬಿಟ್ಟರು. ಮೂರು ದಿನ ಹಾಗೇ ನಡೆಯಿತು. ನಾಲ್ಕನೇ ದಿನ ಹಾಸನದಿಂದ ಚಿಕ್ಕಮ್ಮನ ವಾಟ್ಸಾಪ್ ವಿಡಿಯೋ ಕಾಲು.

“ಅಕ್ಕಾ, ನೋಡೇ, ಆಸ್ಪತ್ರೇಲಿ ಮಗು ಅದಲುಬದಲಾಯ್ತು!”

“ಹೇಳ್ಬೇಡ್ವೇ, ನಾನು ನಾಳೆ ನೋಡ್ಬೇಕು.”

“ಹೇಳಲ್ಲ ಬಿಡು, ತಗೋ ನೀನೇ ನೋಡು” ಎಂದ ಚಿಕ್ಕಮ್ಮ ಫೋನನ್ನು ತಿರುಗಿಸಿ ತಮ್ಮ ಟಿವಿಯ ಮುಂದೆ ಸ್ಟೀಲ್ ಡಬ್ಬಿಗೆ ಆನಿಸಿಟ್ಟರು. ಬರ್ಮಿಂಗ್‌ಹ್ಯಾಮಿನ ಅಡುಗೆಮನೆಯಲ್ಲಿ ದೊಡ್ಡಮ್ಮ ಸೌಟು ಹಿಡಿದುಕೊಂಡೇ ನಿಂತರು. ದೊಡ್ಡಪ್ಪ ಕನ್ನಡಕ ಏರಿಸಿ, ಫ್ರಿಜ್ಜಿನ ಪಟ್ಟಿ ನೋಡಿ, ಫೋನು ನೋಡಿ, ನನ್ನ ಕಡೆ ತಿರುಗಿದರು.

“ಲೋ, ಇದು ಲೈವೇನೋ?”

“ಗೊತ್ತಿಲ್ಲ ದೊಡ್ಡಪ್ಪ. ಹಾಸನದ ಟಿವಿ. ಚಿಕ್ಕಮ್ಮನ ಫೋನು.”

ಹೊರಗೆ ಎದುರುಮನೆಗೆ ತರಕಾರಿ ತಂದ ಬಿಳಿ ವ್ಯಾನು ನಿಂತಿತು. ಟಿವಿ ಕಳ್ಳರನ್ನು ಹಿಡಿಯೋಕೆ 1952ರಿಂದ ಈ ದೇಶದಲ್ಲಿ ವ್ಯಾನುಗಳು ಓಡಾಡುತ್ತಿವೆ ಅನ್ನೋದು ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತು. ಎದ್ದು ಹೋಗಿ ಕರ್ಟನ್ ಎಳೆದರು. ಆಮೇಲೆ ಫೋನನ್ನು ಮೆಲ್ಲಗೆ ಎತ್ತಿ, ಸೀರಿಯಲ್ ನಿಲ್ಲಿಸದೆ, ಅಕ್ಕಿ ಡಬ್ಬದೊಳಗೆ ಇಟ್ಟರು.