ಹಲಗೆ ಮೇಲೆ ಬೇಯಿಸುವುದಕ್ಕೆ ಅವಸರ ಬೇಡ

ಮಾಂಸವನ್ನು ಮರದ ಹಲಗೆ ಮೇಲಿಟ್ಟು ಗ್ರಿಲ್ ಮಾಡುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ಹಲಗೆಗೆ ಬೆಂಕಿ ಹತ್ತುವುದಿಲ್ವಾ?

ಹತ್ತುತ್ತದೆ. ನನ್ನ ಮೊದಲ ಹಲಗೆಗೂ ಹತ್ತಿತ್ತು. ನೆನೆಸಿದ್ದು ಬರೀ ಹತ್ತು ನಿಮಿಷ, ಇಟ್ಟಿದ್ದು ನೇರ ಕೆಂಡದ ಮೇಲೆ. ಅಂಚಿಗೆ ಹತ್ತಿದ ಉರಿ ಮೀನಿನ ಬಾಲದವರೆಗೂ ಬಂತು. ಮೇಲೆಲ್ಲ ಮಸಿ, ಒಳಗೆ ಹಸಿ. ಅಷ್ಟು ಒಳ್ಳೆಯ ಮೀನು ಹಾಳಾಯಿತಲ್ಲ ಅಂತ ತುಂಬಾ ಬೇಸರವಾಯಿತು. ಆಮೇಲೆ ಹಲಗೆ ಬಿಡಲಿಲ್ಲ, ಅವಸರ ಬಿಟ್ಟೆ.

ಎಷ್ಟೋ ಜನ ಒಮ್ಮೆ ಮಾಡಿ ನೋಡಿ, ಏನೂ ವಿಶೇಷ ಇಲ್ಲ ಅಂತ ಕೈಬಿಡುತ್ತಾರೆ. ಸ್ಟೇಕ್, ಅಂದರೆ ಮಾಂಸದ ದಪ್ಪ ತುಂಡು ತಂದು ಹಲಗೆ ಮೇಲಿಟ್ಟಿರುತ್ತಾರೆ. ಜಾಲರಿ ಮೇಲೆ ಸುಟ್ಟಾಗ ಬರುವ ಕಂದು ಪದರಕ್ಕಾಗಿ ಕಾಯುತ್ತಾರೆ. ಅಡಿಯಲ್ಲಿ ಅದು ಬರುವುದಿಲ್ಲ. ಮಾಂಸ ಚೆನ್ನಾಗಿ ಕಂದು ಬಣ್ಣಕ್ಕೆ ತಿರುಗಬೇಕಾದರೆ ಅದರ ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಏರಬೇಕು. ನೆನೆದ ಹಲಗೆಗೆ ತಾಗಿದ ಭಾಗ ಒದ್ದೆಯಾಗಿಯೇ ಇರುತ್ತದೆ. ನೀರಿನ ಪಸೆ ಆರುವ ತನಕ ಅಲ್ಲಿ ಬಿಸಿ 100 ದಾಟುವುದು ಕಷ್ಟ. ಹಾಗಾಗಿ ಕೆಳಗಡೆ ಹಬೆಯಲ್ಲಿ ಬೇಯುತ್ತದೆ, ಮೇಲುಗಡೆ ಗ್ರಿಲ್‌ನ ಮುಚ್ಚಳದೊಳಗಿನ ಬಿಸಿ ಗಾಳಿಯಲ್ಲಿ.

ಈ ಮೆಲ್ಲಗಿನ ಬೇಯುವಿಕೆಯೇ ನನಗೆ ಇಷ್ಟ. ಮೀನಿಗೆ, ಮೂಳೆ ತೆಗೆದ ಕೋಳಿ ತೊಡೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಜಾಲರಿಗೆ ಅಂಟಿ ಹರಿದು ಹೋಗುವ ಮೀನು ಇಲ್ಲಿ ಇಟ್ಟ ಹಾಗೇ ಇರುತ್ತದೆ. ತಿರುವಿ ಹಾಕುವ ಕೆಲಸವೇ ಇಲ್ಲ. ಸ್ಟೇಕೇ ಬೇಕು ಅಂದರೆ ಮೊದಲು ಜಾಲರಿ ಮೇಲೆ ಎರಡೂ ಬದಿ ಸುಟ್ಟುಕೊಂಡು ಆಮೇಲೆ ಹಲಗೆಗೆ ಹಾಕಿ. ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳು ಸಾಲ್ಮನ್ ಮೀನನ್ನು ಸೀಡರ್ ಮರದ ಕೋಲುಗಳಿಗೆ ಸಿಕ್ಕಿಸಿ ಬೆಂಕಿಯ ಪಕ್ಕದಲ್ಲಿ ನೆಡುತ್ತಿದ್ದರು. ಗಮನಿಸಿ, ಬೆಂಕಿಯ ಪಕ್ಕದಲ್ಲಿ.

ಮರದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪವೂ ರಾಜಿಯಾಗುವುದಿಲ್ಲ. ಅಡುಗೆಗೆ ಅಂತಲೇ ಕೊಯ್ದ, ಬಣ್ಣ ವಾರ್ನಿಷ್ ಏನೂ ಬಳಿಯದ ಹಲಗೆಯೇ ಆಗಬೇಕು. ಸೀಡರ್ ಮರಕ್ಕೆ ಘಮ ಜಾಸ್ತಿ, ಆಲ್ಡರ್ ಮರದ ಘಮ ಮೃದು. ಪೈನ್ ಬೇಡ, ಅದರ ಅಂಟು ಸುಟ್ಟರೆ ಹೊಗೆ ಕಹಿ. ಮರಗೆಲಸದಲ್ಲಿ ಮಿಕ್ಕ ತುಂಡು ಸುಮ್ನೆ ಬಿದ್ದಿದೆಯಲ್ಲ ಅಂತ ದಯವಿಟ್ಟು ಬಳಸಬೇಡಿ. ಗೆದ್ದಲು ಹಿಡಿಯದಿರಲಿ ಅಂತ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧಿ ಕುಡಿಸಿರುವುದುಂಟು. ಸಾಮಾನು ಸಾಗಿಸುವ ಪ್ಯಾಲೆಟ್ ಮೇಲೆ ‘ಎಂಬಿ’ (MB) ಮುದ್ರೆ ಇದ್ದರೆ ಕೀಟ ಕೊಲ್ಲುವ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ ಅಂತ ಅರ್ಥ. ಅಂಥ ಮರದ ಹೊಗೆ ಮಕ್ಕಳ ತಟ್ಟೆಗೆ ಬರಬೇಕಾ?

ಹಲಗೆಯನ್ನು ಕನಿಷ್ಠ 1 ಗಂಟೆ ನೀರಲ್ಲಿ ಮುಳುಗಿಸಿ. ತೇಲುತ್ತದೆ, ಮೇಲೊಂದು ಭಾರ ಹೇರಿ. ಕೆಂಡವನ್ನು ಒಂದು ಬದಿಗೆ ಎಳೆದುಕೊಳ್ಳಿ. ಮೊದಲು ಖಾಲಿ ಹಲಗೆಯನ್ನು ಕೆಂಡದ ಮೇಲೆ ಮೂರ್ನಾಲ್ಕು ನಿಮಿಷ ಬಿಡಿ. ಚಟಪಟ ಸದ್ದು ಶುರುವಾಗುತ್ತದೆ, ಅಂಚಿನಿಂದ ನೂಲಿನಂಥ ಹೊಗೆ ಏಳುತ್ತದೆ. ಆಗ ಅದನ್ನು ಮಗುಚಿ, ಕಾದ ಮುಖದ ಮೇಲೆ ಮೀನಿಟ್ಟು, ಕೆಂಡ ಇಲ್ಲದ ಬದಿಗೆ ಸರಿಸಿ ಮುಚ್ಚಳ ಹಾಕಿ. ಪದೇಪದೇ ತೆಗೆದು ನೋಡಬೇಡಿ. ಗಾಳಿ ಒಳಗೆ ನುಗ್ಗಿದರೆ ಉರಿ ಏಳುತ್ತದೆ. ಅಂಚಿಗೆ ಹತ್ತಿಕೊಂಡರೆ ಚಿಮುಕಿಸಲು ನೀರಿನ ಬಾಟಲಿ ಕೈಯಳತೆಯಲ್ಲಿರಲಿ. ಮಾಂಸದ ಒಳಗಿನ ಬಿಸಿ ಥರ್ಮಾಮೀಟರ್‌ನಲ್ಲಿ ಮೀನಿಗೆ 63 ಡಿಗ್ರಿ, ಕೋಳಿಗೆ 74 ಬಂದರೆ ಆಯಿತು.

ನಾನು ಹಲಗೆ ಸಮೇತ ಮೇಜಿಗೆ ತರುತ್ತೇನೆ, ಅಡಿಗೊಂದು ಲೋಹದ ತಟ್ಟೆ ಕೊಟ್ಟು. ಅಡಿ ಇನ್ನೂ ಕನಲುತ್ತಾ ಇರುತ್ತದೆ. ಅಗಲವಾದ ಸೌಟನ್ನು ಮೀನಿನ ಕೆಳಗೆ ತೂರಿಸಿದರೆ ಸಿಪ್ಪೆ ಮರಕ್ಕೆ ಕಚ್ಚಿಕೊಂಡು ಅಲ್ಲೇ ಉಳಿಯುತ್ತದೆ. ಮಾಂಸ ಮಾತ್ರ ಒಂಚೂರೂ ಹರಿಯದೆ ಮೇಲೇಳುತ್ತದೆ.